ಹವಳದ ಕಡಲಿಗೆ ಹೊರಡುವ ಮುನ್ನ

ಭೂಪಟದಲ್ಲಿ ವಿಜಯಪುರವನ್ನು ಗುರುತಿಸಿ. ಅದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚು ಕಡಿಮೆ 17 ಡಿಗ್ರಿ ಅಕ್ಷಾಂಶದಲ್ಲಿದೆ. ಈಗ ನಿಮ್ಮ ಬೆರಳನ್ನು ಭೂಮಧ್ಯರೇಖೆಯ ಕೆಳಕ್ಕೆ ಅಷ್ಟೇ ದೂರ ಇಳಿಸಿ, ಹಿಂದೂ ಮಹಾಸಾಗರವನ್ನೂ ಆಸ್ಟ್ರೇಲಿಯ ಖಂಡದ ಅಗಲವನ್ನೂ ದಾಟಿಸಿ ಪೂರ್ವಕ್ಕೆ ಒಯ್ಯಿರಿ. ಶಾಂತಸಾಗರದ ದಂಡೆಯ ಮೇಲೆ ಕೇರ್ನ್ಸ್ ಎಂಬ ಊರು ಸಿಕ್ಕುತ್ತದೆ. ಭೂಮಧ್ಯರೇಖೆಯನ್ನು ಕನ್ನಡಿಯೆಂದು ಭಾವಿಸಿದರೆ ಈ ಎರಡು ಊರುಗಳೂ ಅದರಿಂದ ಸಮಾನ ದೂರದಲ್ಲಿ ನಿಂತಿವೆ. ಹೋಲಿಕೆ ಮಾತ್ರ ಅಲ್ಲಿಗೇ ಮುಗಿಯುತ್ತದೆ. ವಿಜಯಪುರವು ಬಿಸಿಲಿನ ಬಯಲು. ಕೇರ್ನ್ಸ್ ಒಂದು ಮಗ್ಗುಲಲ್ಲಿ ದಟ್ಟಡವಿಯ ಬೆಟ್ಟಗಳನ್ನೂ ಇನ್ನೊಂದು ಮಗ್ಗುಲಲ್ಲಿ ಹವಳದ ಕಡಲನ್ನೂ ಇಟ್ಟುಕೊಂಡು, ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆಯಲ್ಲಿ ತೋಯುವ ಊರು.

ಕೇರ್ನ್ಸ್ ಇರುವುದು ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ. ಒಳನಾಡಿನ ಚಿನ್ನದ ಗಣಿಗಳಿಗೆ ಒಂದು ಬಂದರು ಬೇಕಾಗಿ 1876ರಲ್ಲಿ ಅದನ್ನು ಸ್ಥಾಪಿಸಿದರು. ಅಂದಿನ ರಾಜ್ಯಪಾಲರ ಹೆಸರನ್ನೇ ಊರಿಗೆ ಇಟ್ಟರು. ಅದಕ್ಕೂ ಬಹಳ ಹಿಂದಿನಿಂದ ಅಲ್ಲಿ ಬಾಳುತ್ತಿದ್ದ ಯಿದಿಂಜಿ ಜನರು ಆ ನೆಲವನ್ನು ಒಂದು ಜಾತಿಯ ಅತ್ತಿಮರದ ಹೆಸರಿನಿಂದ ಗಿಮುಯ್ ಎಂದು ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ. ಇಂದು ಗಣಿಗಾರರ ಬದಲು ಪ್ರವಾಸಿಗರು ಅಲ್ಲಿಗೆ ಬರುತ್ತಾರೆ. ಅಂಥ ಪ್ರವಾಸವೊಂದನ್ನು ನಾವೇ ಯೋಜಿಸಬೇಕಾಗಿ ಬಂದರೆ ಏನೇನನ್ನು ಯೋಚಿಸಬೇಕಾಗುತ್ತದೆ? ಟಿಕೇಟು, ಪೆಟ್ಟಿಗೆ, ಬಟ್ಟೆಬರೆಗಳ ಮಾತು ಆಮೇಲೆ ಬರಲಿ. ಎಲ್ಲಕ್ಕಿಂತ ಮೊದಲು ನಿಶ್ಚಯವಾಗಬೇಕಾದದ್ದು ತಿಂಗಳು.

ದಕ್ಷಿಣಾರ್ಧಗೋಳದಲ್ಲಿ ಋತುಗಳು ನಮ್ಮಲ್ಲಿಯ ಋತುಗಳಿಗೆ ತಿರುವುಮುರುವಾಗಿರುತ್ತವೆಂಬುದನ್ನು ನೀವು ಭೂಗೋಳದಲ್ಲಿ ಓದಿದ್ದೀರಿ. ನಮ್ಮಲ್ಲಿ ಮುಂಗಾರು ಸುರಿಯುವ ಜೂನ್, ಜುಲೈ ತಿಂಗಳುಗಳು ಅಲ್ಲಿ ಒಣ ಹವೆಯ ಹಿತವಾದ ಚಳಿಗಾಲ. ನಮ್ಮಲ್ಲಿ ಆಕಾಶ ತಿಳಿಯಾಗಿರುವ ಡಿಸೆಂಬರಿನಿಂದ ಮಾರ್ಚಿಯವರೆಗಿನ ಅವಧಿಯೇ ಅಲ್ಲಿ ಬಿರುಮಳೆಯ ಕಾಲ. ವರ್ಷದ ಬಹುಭಾಗ ನಡುಹಗಲಿನ ಸೂರ್ಯನು ಅಲ್ಲಿ ಉತ್ತರದ ಕಡೆಗೆ ವಾಲಿರುತ್ತಾನೆ. ಹೊಸಬರಾದ ನಮಗೆ ದಿಕ್ಕು ತಪ್ಪಿದಂತೆ ತೋರಿದರೆ ಆಶ್ಚರ್ಯವಿಲ್ಲ. ಮಳೆಯೆಂದರೆ ಎಂಥ ಮಳೆ! ಕೇರ್ನ್ಸಿನ ದಕ್ಷಿಣಕ್ಕಿರುವ ಬೆಲೆಂಡನ್ ಕೆರ್ ಪರ್ವತದ ನೆತ್ತಿಯ ಮೇಲೆ ವರ್ಷಕ್ಕೆ ಸರಾಸರಿ 8000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ನಮ್ಮ ಆಗುಂಬೆಯನ್ನು ಬಲ್ಲವರಿಗೆ ಈ ಅಂಕಿಯ ಅರ್ಥ ಬೇಗ ಆದೀತು. ಇದೇ ಕಾಲದಲ್ಲಿ ಚಂಡಮಾರುತಗಳೂ ಏಳುತ್ತವೆ. 2006ರ ಮಾರ್ಚಿಯಲ್ಲಿ ಲ್ಯಾರಿ, 2011ರ ಫೆಬ್ರವರಿಯಲ್ಲಿ ಯಾಸಿ ಎಂಬ ಚಂಡಮಾರುತಗಳು ಕೇರ್ನ್ಸಿನ ದಕ್ಷಿಣದ ಕರಾವಳಿಯನ್ನು ಬಡಿದು ಬಾಳೆ, ಕಬ್ಬಿನ ತೋಟಗಳನ್ನು ನೆಲಸಮ ಮಾಡಿದವು. 2023ರ ಡಿಸೆಂಬರಿನಲ್ಲಿ ಜ್ಯಾಸ್ಪರ್ ಚಂಡಮಾರುತದ ಬೆನ್ನ ಹಿಂದೆ ಬಂದ ಮಳೆಗೆ ನದಿಗಳು ಉಕ್ಕಿ ಕೇರ್ನ್ಸಿನ ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತಿತು. ಆದ್ದರಿಂದ ಕ್ರಿಸ್ಮಸ್ ರಜೆಯಲ್ಲಿ ಅಲ್ಲಿಗೆ ಹೊರಡುವ ವಿಚಾರವನ್ನು ಬಿಡುವುದೇ ಮೇಲು.

ಹಾಗಾದರೆ ಜೂನ್, ಜುಲೈ ಉತ್ತಮವೇ? ಆಕಾಶದ ಮಟ್ಟಿಗೆ ಹೌದು. ಆದರೆ ಮೇ ತಿಂಗಳಿಂದ ಆಗಸ್ಟಿನವರೆಗೆ ಆಗ್ನೇಯ ದಿಕ್ಕಿನಿಂದ ವಾಣಿಜ್ಯ ಮಾರುತಗಳು ಬಿರುಸಾಗಿ ಬೀಸುತ್ತವೆ. ದಡದಲ್ಲಿ ಹಿತವೆನಿಸುವ ಗಾಳಿಯೇ ನಡುಗಡಲಿನಲ್ಲಿ ದೋಣಿಯನ್ನು ಎತ್ತಿ ಕುಕ್ಕುತ್ತದೆ. ಕಡಲಬೇನೆಯಿಂದ ಹೊಟ್ಟೆ ತೊಳಸಿದವನಿಗೆ ಹವಳದ ಸೊಬಗು ಎಲ್ಲಿಂದ ಕಾಣಬೇಕು? ಸೆಪ್ಟೆಂಬರ್ ಬಂದಂತೆ ಗಾಳಿ ತಗ್ಗುತ್ತದೆ, ನೀರು ಬೆಚ್ಚಗಾಗುತ್ತದೆ, ಕಡಲು ಕೊಳದಂತೆ ತಿಳಿಯಾಗುವ ದಿನಗಳು ಹೆಚ್ಚುತ್ತವೆ. ನವೆಂಬರಿನಲ್ಲಿ ಇನ್ನೊಂದು ಅಪಾಯ ಆರಂಭವಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಕೊನೆಗೆ ಉಳಿಯುವುದು ಸೆಪ್ಟೆಂಬರ್, ಅಕ್ಟೋಬರ್. ನಮ್ಮ ದಸರೆಯ ರಜೆ ಬರುವುದು ಆಗಲೇ ಎಂಬುದು ಕನ್ನಡ ನಾಡಿನ ಪ್ರವಾಸಿಗಳ ಪುಣ್ಯವೆನ್ನಬಹುದು.

ತಿಂಗಳು ನಿಶ್ಚಯವಾಯಿತು. ಇನ್ನು ನೋಡಬೇಕಾದದ್ದೇನು? ಕೇರ್ನ್ಸ್ ಊರಿನಲ್ಲೇ ವಿಶಾಲವಾದ ಮರಳದಂಡೆ ಇರಬಹುದೆಂದು ಹೋದವರು ನಿರಾಶರಾಗುತ್ತಾರೆ. ಊರ ಮುಂದೆ ಇರುವುದು ಇಳಿತದ ಹೊತ್ತಿನಲ್ಲಿ ಬಹುದೂರ ತೆರೆದುಕೊಳ್ಳುವ ಕೆಸರಿನ ಬಯಲು. ಹಕ್ಕಿಗಳಿಗೆ ಅದು ಹಬ್ಬದೂಟದ ಎಲೆ, ಈಜುವವರಿಗೆ ಕೆಲಸಕ್ಕೆ ಬಾರದು. ಅದಕ್ಕಾಗಿಯೇ 2003ರಲ್ಲಿ ದಂಡೆಯ ಮೇಲೆ ದೊಡ್ಡದೊಂದು ಈಜುಕೊಳವನ್ನು ಕಟ್ಟಿಸಿದ್ದಾರೆ. ಜನ ಬರುವುದು ಊರನ್ನು ನೋಡಲೆಂದಲ್ಲ, ಊರಾಚೆಯ ಕಡಲಿನಲ್ಲಿ ಅಡಗಿರುವ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲನ್ನು ನೋಡಲು.

ಈ ಸಾಲಿನ ಪರಿಚಯ ಯುರೋಪಿನವರಿಗೆ ಆದದ್ದು ಸುಖವಾದ ರೀತಿಯಲ್ಲಲ್ಲ. 1770ರ ಜೂನ್ 11ರ ರಾತ್ರಿ ಜೇಮ್ಸ್ ಕುಕ್ ಎಂಬ ಇಂಗ್ಲಿಷ್ ನಾವಿಕನ ಎಂಡೆವರ್ ಹಡಗು ಬೆಳುದಿಂಗಳಿನಲ್ಲಿ ಉತ್ತರಕ್ಕೆ ಸಾಗುತ್ತಿತ್ತು. ಆಳ ಅಳೆಯುವ ಹಗ್ಗ ಸಾಕಷ್ಟು ನೀರಿದೆಯೆಂದು ತೋರಿಸುತ್ತಿದ್ದಂತೆಯೇ ಹಡಗು ಹವಳದ ಬಂಡೆಗೆ ಅಪ್ಪಳಿಸಿ ನಿಂತುಬಿಟ್ಟಿತು. ಅದೂ ಉಬ್ಬರದ ವೇಳೆ. ನೀರು ಇಳಿದಂತೆ ಹಡಗು ಬಂಡೆಯ ಮೇಲೆ ಇನ್ನೂ ಭದ್ರವಾಗಿ ಕೂರುವುದು ಖಚಿತ. ನಾವಿಕರು ಆರು ಫಿರಂಗಿಗಳನ್ನು, ಕಬ್ಬಿಣದ ಗುಂಡುಗಳನ್ನು, ಪೀಪಾಯಿಗಳನ್ನು ಕಡಲಿಗೆ ಎಸೆದು ಭಾರ ಇಳಿಸಿದರು. ಸುಮಾರು ಇಡೀ ಒಂದು ದಿನ ಕಳೆದು ಮುಂದಿನ ರಾತ್ರಿಯ ಉಬ್ಬರದಲ್ಲಿ ಹಡಗು ತೇಲಿತು. ಹಳೆಯ ಹಾಯಿಬಟ್ಟೆಗೆ ನಾರು, ಉಣ್ಣೆಗಳನ್ನು ಹೊಲಿದು, ಅದನ್ನು ಹಗ್ಗಗಳಿಂದ ಹಡಗಿನ ತಳದಡಿಗೆ ಎಳೆದು ಬಿರುಕನ್ನು ಮುಚ್ಚಿದರು. ಒಂದು ನದಿಯ ಅಳಿವೆಯನ್ನು ಸೇರಿ ಹಡಗನ್ನು ದಡಕ್ಕೆ ಒರಗಿಸಿ ನೋಡಿದಾಗ, ಹಲಗೆಯಲ್ಲಿ ಬಿದ್ದ ತೂತಿಗೆ ಮುರಿದ ಹವಳದ ತುಂಡೊಂದು ಬಿರಡೆಯಂತೆ ಸಿಕ್ಕಿಕೊಂಡಿತ್ತು! ಒಡೆದ ಹವಳವೇ ಉಳಿಸಿತು ಎನ್ನಬೇಕು. ದುರಸ್ತಿಗಾಗಿ ಅವರು ಅಲ್ಲಿ ಏಳು ವಾರ ತಂಗಿದರು. ಅಲ್ಲಿಯ ಗುಗು ಯಿಮಿದಿರ್ ಜನರ ಬಾಯಿಂದ ಅವರು ಬರೆದುಕೊಂಡ ಮಾತುಗಳಲ್ಲೊಂದು ಇಂದು ಲೋಕದ ಮಕ್ಕಳೆಲ್ಲ ಬಲ್ಲ ಕಾಂಗರೂ. ಕಡಲಿಗೆಸೆದ ಆರು ಫಿರಂಗಿಗಳನ್ನು 1969ರಲ್ಲಿ ಶೋಧಕರು ಮೇಲೆತ್ತಿದರು. ಅವಕ್ಕೆ ಹವಳದ ಹೊದಿಕೆ ಬೆಳೆದಿತ್ತು.

ಈ ದಿಬ್ಬಗಳ ಸಾಲು ಸುಮಾರು 2300 ಕಿಲೋಮೀಟರ್ ಉದ್ದವಿದೆ. ಒಂದೇ ಗೋಡೆಯೆಂದು ಹೆಸರು ಸೂಚಿಸಿದರೂ ಇದರಲ್ಲಿ ಸುಮಾರು 2900 ಬೇರೆ ಬೇರೆ ದಿಬ್ಬಗಳಿವೆ. ಇವನ್ನು ಕಟ್ಟಿದವು ಅಕ್ಕಿಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ದೊಡ್ಡದಾಗಿರುವ ಮೃದು ದೇಹದ ಪ್ರಾಣಿಗಳು. ಹವಳದ ಜೀವಿಯು ಕಡಲ ನೀರಿನಿಂದ ಸುಣ್ಣವನ್ನು ಹೀರಿ ತನ್ನ ಸುತ್ತ ಬಟ್ಟಲಿನಂಥ ಗೂಡನ್ನು ಕಟ್ಟಿಕೊಳ್ಳುತ್ತದೆ. ಅದು ಸತ್ತ ಮೇಲೆ ಗೂಡು ಉಳಿಯುತ್ತದೆ, ಅದರ ಮೇಲೆ ಮತ್ತೊಂದರ ಗೂಡು ಏಳುತ್ತದೆ. ಆದರೆ ಈ ಜೀವಿ ಒಂಟಿ ಸಂಸಾರಿಯಲ್ಲ. ಅದರ ಒಡಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿವೆ. ಪಾಚಿಯು ಬಿಸಿಲಿನಲ್ಲಿ ಆಹಾರವನ್ನು ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಮನೆಯೊಡೆಯ ಅದಕ್ಕೆ ಆಸರೆಯನ್ನೂ ಗೊಬ್ಬರವನ್ನೂ ಒದಗಿಸುತ್ತಾನೆ. ಹವಳಕ್ಕೆ ಕಂದು, ಹಸುರು ಬಣ್ಣಗಳು ಬಂದದ್ದೂ ಹೆಚ್ಚಾಗಿ ಈ ಒಕ್ಕಲಿನಿಂದಲೇ. ಪಾಚಿಗೆ ಬಿಸಿಲು ಬೇಕು, ಆದ್ದರಿಂದ ದಿಬ್ಬ ಬೆಳೆಯುವುದು ಬೆಳಕು ತಲುಪುವ ತಿಳಿನೀರಿನಲ್ಲಿ. ಇಷ್ಟನ್ನು ತಿಳಿದುಕೊಂಡು ಹೋದವನಿಗೂ, ಬಣ್ಣದ ಕಲ್ಲೆಂದುಕೊಂಡು ಹೋದವನಿಗೂ ನೀರಿನಡಿಯ ನೋಟ ಒಂದೇ ಆಗಿರಲಾರದು.

ಕೇರ್ನ್ಸಿನಿಂದ ಬೆಳಗ್ಗೆ ಹೊರಟ ವೇಗದ ದೋಣಿ ಒಂದೂವರೆ, ಎರಡು ಗಂಟೆಗಳಲ್ಲಿ ಹೊರದಿಬ್ಬಗಳನ್ನು ಮುಟ್ಟುತ್ತದೆ. ಅಷ್ಟು ದೂರ ಬೇಡವೆನ್ನುವವರಿಗೆ 27 ಕಿಲೋಮೀಟರ್ ದೂರದ ಗ್ರೀನ್ ದ್ವೀಪವಿದೆ. ನೀರಿಗಿಳಿಯುವ ಮುನ್ನ, ನವೆಂಬರಿನ ಅಪಾಯವೆಂದೆನಲ್ಲ, ಅದನ್ನು ಕೇಳಿ. ನವೆಂಬರಿನಿಂದ ಮೇವರೆಗೆ ಈ ಕರಾವಳಿಯ ನೀರಿನಲ್ಲಿ ಪೆಟ್ಟಿಗೆಯಾಕಾರದ ಜೆಲ್ಲಿಮೀನುಗಳು ಸುಳಿದಾಡುತ್ತವೆ. ಇವು ಗಾಜಿನಂತೆ ಪಾರದರ್ಶಕವಾದ್ದರಿಂದ ಎದುರಿಗೆ ಬಂದರೂ ಕಾಣುವುದಿಲ್ಲ. ದೊಡ್ಡ ಜಾತಿಯ ಜೆಲ್ಲಿಮೀನಿನ ಎಳೆಗಳು ಹೆಚ್ಚಾಗಿ ಸುತ್ತಿಕೊಂಡರೆ ಕೆಲವೇ ನಿಮಿಷಗಳಲ್ಲಿ ಹೃದಯ ನಿಂತು ಸಾವು ಬರಬಹುದು. ಈಜುದಾಣಗಳಲ್ಲಿ ಬಲೆ ಕಟ್ಟಿ ಅದನ್ನು ತಡೆಯುತ್ತಾರೆ. ಇನ್ನೊಂದು ಜಾತಿಯ ಮೈ ಒಂದು ಸೆಂಟಿಮೀಟರಿನಷ್ಟು ಮಾತ್ರ; ಬಲೆಯ ಕಣ್ಣುಗಳಲ್ಲಿ ಅದು ಸಲೀಸಾಗಿ ನುಸುಳುತ್ತದೆ.

ಈ ಸಣ್ಣ ಪ್ರಾಣಿಯನ್ನು ಪತ್ತೆ ಮಾಡಿದ ಕಥೆ ರೋಮಾಂಚಕರವಾದುದು. ಕಡಲಲ್ಲಿ ಈಜಿ ಬಂದವರು ಅರ್ಧ ಗಂಟೆಯ ಬಳಿಕ ಬೆನ್ನು, ಹೊಟ್ಟೆಗಳಲ್ಲಿ ತಾಳಲಾರದ ನೋವೆಂದು ಹೊರಳಾಡುತ್ತಿದ್ದರು. ಮೈಮೇಲೆ ಗಾಯವೇ ಕಾಣುತ್ತಿರಲಿಲ್ಲ. ಡಾಕ್ಟರ್ ಹ್ಯೂಗೊ ಫ್ಲೆಕರ್ ಎಂಬುವರು 1952ರಲ್ಲಿ ಈ ಬೇನೆಗೆ ಅಲ್ಲಿಯ ಮೂಲನಿವಾಸಿಗಳ ಹೆಸರಿನಿಂದ ಇರುಕಾಂಜಿ ಎಂದು ಹೆಸರಿಟ್ಟರು. ಆದರೆ ಕಾರಣ ತಿಳಿದಿರಲಿಲ್ಲ. ಕೇರ್ನ್ಸಿನ ವೈದ್ಯ ಜ್ಯಾಕ್ ಬಾರ್ನ್ಸ್ ವರ್ಷಗಟ್ಟಲೆ ಕಡಲನ್ನು ಜಾಲಾಡಿದರು. 1961ರಲ್ಲಿ ಒಂದು ಪುಟ್ಟ ಜೆಲ್ಲಿಮೀನು ಸಿಕ್ಕಿತು. ಇದೇ ಅಪರಾಧಿಯೆಂದು ಸಿದ್ಧಪಡಿಸುವುದು ಹೇಗೆ? ಅದರಿಂದ ತಮ್ಮನ್ನೂ, ತಮ್ಮ ಒಂಬತ್ತು ವರ್ಷದ ಮಗನನ್ನೂ, ದಡದ ಜೀವರಕ್ಷಕ ತರುಣನೊಬ್ಬನನ್ನೂ ಕಚ್ಚಿಸಿಯೇಬಿಟ್ಟರು. ಮೂವರೂ ನರಳುತ್ತ ಆಸ್ಪತ್ರೆ ಸೇರಿದರು, ಮೂವರೂ ಬದುಕಿದರು. ಆ ಪ್ರಾಣಿಗೆ ಇಂದು ಬಾರ್ನ್ಸರ ಹೆಸರೇ ಇದೆ. ಅವರ ಧೈರ್ಯಕ್ಕೆ ತಲೆಬಾಗಬೇಕಾದದ್ದೇ. ಮಗನನ್ನು ಪ್ರಯೋಗಕ್ಕೆ ಒಡ್ಡಿದ್ದನ್ನು ಮಾತ್ರ ಒಪ್ಪಿಕೊಳ್ಳುವುದು ಕಷ್ಟ.

ಆದುದರಿಂದ ಆ ತಿಂಗಳುಗಳಲ್ಲಿ ನೀರಿಗಿಳಿಯುವವರು ಮೈಗಂಟುವ ತೆಳುಬಟ್ಟೆಯ ಪೂರ್ಣ ಉಡುಪನ್ನು ಧರಿಸುತ್ತಾರೆ. ದೋಣಿಯವರೇ ಅದನ್ನು ಒದಗಿಸುವುದುಂಟು. ಉರಿಬಿಸಿಲಿನಿಂದ ಚರ್ಮವನ್ನು ಕಾಯುವುದಕ್ಕೂ ಅದು ಒಳ್ಳೆಯದು. ಸಮುದ್ರದಂಡೆಗಳಲ್ಲಿ ಅಲ್ಲಲ್ಲಿ ಕಂಬ ನೆಟ್ಟು ವಿನೆಗರ್ ಬಾಟಲಿಗಳನ್ನು ಇಟ್ಟಿರುತ್ತಾರೆ. ಮೈಗೆ ಅಂಟಿಕೊಂಡು ಇನ್ನೂ ಸಿಡಿಯದ ವಿಷಕೋಶಗಳನ್ನು ಅದು ಸಿಡಿಯದಂತೆ ತಡೆಯುತ್ತದೆ. ಒಳಸೇರಿದ ವಿಷವನ್ನು ಅದು ಇಳಿಸಲಾರದು. ಅದಕ್ಕೆ ವೈದ್ಯರೇ ಬೇಕು.

ಇನ್ನು ದಿನಗಳ ಹೊಂದಾಣಿಕೆ. ಐದು ದಿನಗಳಿವೆಯೆಂದು ಇಟ್ಟುಕೊಳ್ಳೋಣ. ಹವಳದ ದಿಬ್ಬಕ್ಕೊಂದು, ಮಳೆಕಾಡಿಗೊಂದು, ಬೆಟ್ಟದ ರೈಲಿಗೊಂದು, ಗಾಳಿಮಳೆ ಕೆಟ್ಟರೆ ಕೈಯಲ್ಲಿರಲೆಂದು ಒಂದು, ವಿಶ್ರಾಂತಿಗೊಂದು. ಸವಿಯಾದದ್ದು ಕೊನೆಗಿರಲಿ ಎಂದು ಹಲವರು ಹವಳದ ದಿಬ್ಬವನ್ನು ಕಡೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಉಸಿರಿನ ಕೊಳವೆ ಕಚ್ಚಿಕೊಂಡು ನೀರ ಮೇಲೆ ತೇಲುತ್ತ ನೋಡುವವರಿಗೆ ಇದರಿಂದ ಬಾಧಕವಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವವರಿಗೆ ಮಾತ್ರ ಇದು ಅಪಾಯಕರ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲೂ ಮಾಂಸದಲ್ಲೂ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಮೆಲ್ಲಮೆಲ್ಲನೆ ಹೊರಹೋಗಬೇಕು. ಅಷ್ಟರಲ್ಲೇ ವಿಮಾನ ಹತ್ತಿದರೆ, ವಿಮಾನದೊಳಗಿನ ಒತ್ತಡವು ನೆಲದ ಒತ್ತಡಕ್ಕಿಂತ ಕಡಿಮೆಯಾದ್ದರಿಂದ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಗುಳ್ಳೆಗಳೇಳುವಂತೆ ಮೈಯೊಳಗೆ ಗುಳ್ಳೆಗಳು ಏಳುತ್ತವೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಮುಳುಗಿದ ಬಳಿಕ 18ರಿಂದ 24 ಗಂಟೆಗಳ ಕಾಲ ವಿಮಾನ ಹತ್ತಬಾರದೆಂಬ ನಿಯಮ ಹುಟ್ಟಿದ್ದು ಹೀಗೆ. ಸುಮಾರು 330 ಮೀಟರ್ ಎತ್ತರದ ಕುರಾಂಡ ಬೆಟ್ಟಕ್ಕೂ ಅದೇ ದಿನ ಹೋಗಬಾರದೆಂದು ಎಚ್ಚರಿಸುತ್ತಾರೆ. ಆದ್ದರಿಂದ ಕಡಲಿನ ದಿನ ಮೊದಲು ಬರಲಿ. ಬೆಟ್ಟಕ್ಕೆ ಒಂದು ದಿನ ಬಿಟ್ಟು ಹೋಗಬಹುದು.

ಕುರಾಂಡಕ್ಕೆ ಹೋಗುವ ರೈಲುಹಾದಿಯೂ ಕಷ್ಟದಿಂದ ಹುಟ್ಟಿದ್ದೇ. 1882ರ ಮಳೆಗಾಲದಲ್ಲಿ ಬೆಟ್ಟದಾಚೆಯ ತವರದ ಗಣಿಗಾರರಿಗೆ ದಾರಿ ಮುಚ್ಚಿಹೋಗಿ ಅನ್ನಕ್ಕೇ ಸಂಚಕಾರ ಬಂದಿತು. ಅವರ ಕೂಗಿಗೆ ಓಗೊಟ್ಟು 1886ರಲ್ಲಿ ಕೆಲಸ ಆರಂಭಿಸಿ, 1891ರಲ್ಲಿ ಕುರಾಂಡದವರೆಗೆ ಹಳಿ ಮುಟ್ಟಿಸಿದರು. ಆ ಕಡಿದಾದ ಬಂಡೆಗಳಲ್ಲಿ ಹದಿನೈದು ಸುರಂಗಗಳನ್ನು ಕೂಲಿಗಳು ಗುದ್ದಲಿ, ಹಾರೆ, ಸಿಡಿಮದ್ದುಗಳಿಂದ ಕೊರೆದರು. ಹಲವರು ಅಲ್ಲೇ ಮಡಿದರು. ಇಂದು ಅದೇ ಹಾದಿಯಲ್ಲಿ ಪ್ರವಾಸಿಗರು ಬ್ಯಾರನ್ ಜಲಪಾತವನ್ನು ನೋಡುತ್ತ ಏರಿ, ಮರಗಳ ನೆತ್ತಿಯ ಮೇಲಿನ ತೂಗುತೊಟ್ಟಿಲಿನಲ್ಲಿ ಏಳೂವರೆ ಕಿಲೋಮೀಟರ್ ತೇಲುತ್ತ ಇಳಿದು ಬರಬಹುದು.

ಉತ್ತರದ ಡೇಂಟ್ರಿ ಅರಣ್ಯ ಇದಕ್ಕಿಂತ ಹಿರಿದು, ಬಹಳ ಹಳೆಯದು. ಭೂಮಿಯ ಮೇಲೆ ಇಂದಿಗೂ ಉಳಿದಿರುವ ಮಳೆಕಾಡುಗಳಲ್ಲಿ ಇದು ಅತಿ ಪುರಾತನವಾದವುಗಳ ಸಾಲಿಗೆ ಸೇರಿದ್ದು. ಇದರ ಬೇರು ಹತ್ತು ಕೋಟಿ ವರ್ಷಗಳಿಗಿಂತಲೂ ಹಿಂದಕ್ಕೆ ಹೋಗುತ್ತದೆ. 1971ರಲ್ಲಿ ಇಲ್ಲಿ ಕೆಲವು ದನಗಳು ವಿಷವೇರಿ ಸತ್ತವು. ಅವುಗಳ ಹೊಟ್ಟೆಯಲ್ಲಿ ಸಿಕ್ಕಿದ ದಪ್ಪ ಬೀಜಗಳ ಜಾಡು ಹಿಡಿದು ಹೋದ ವಿಜ್ಞಾನಿಗಳಿಗೆ, ಅಳಿದುಹೋಯಿತೆಂದು ಭಾವಿಸಿದ್ದ ಆದಿಕಾಲದ ಹೂಗಿಡವೊಂದರ ಮರ ಜೀವಂತವಾಗಿ ಕಂಡಿತು. ಆಳೆತ್ತರದ, ಹಾರಲಾರದ ಕ್ಯಾಸೊವರಿ ಹಕ್ಕಿ ಇಲ್ಲಿಯ ತೋಟಗಾರ. ಅದು ಹಣ್ಣುಗಳನ್ನು ಇಡಿಯಾಗಿ ನುಂಗಿ, ದೂರ ನಡೆದು, ಹಿಕ್ಕೆಯೊಡನೆ ಬೀಜಗಳನ್ನು ಬಿತ್ತುತ್ತದೆ. ಕಾಲಿನ ಒಳಬೆರಳಿನಲ್ಲಿ ಕಠಾರಿಯಂಥ ಉಗುರಿದೆ. ತಿಂಡಿ ಕೊಡಲು ಹೋಗಬಾರದು. ಡೇಂಟ್ರಿ ನದಿಗೆ ಸೇತುವೆಯಿಲ್ಲ; ವಾಹನಗಳನ್ನು ಉಕ್ಕಿನ ಹಗ್ಗ ಹಿಡಿದು ಸಾಗುವ ತೆಪ್ಪದಲ್ಲಿ ದಾಟಿಸುತ್ತಾರೆ. ದಡದಲ್ಲಿ ಮೊಸಳೆಯ ಎಚ್ಚರಿಕೆಯ ಹಳದಿ ಫಲಕಗಳು ಇಂಗ್ಲಿಷಿನ ಜೊತೆಗೆ ಜರ್ಮನ್ ಭಾಷೆಯಲ್ಲೂ ಇವೆ. ಕನ್ನಡದಲ್ಲಿಲ್ಲವೆಂದು ನಾವು ಅಲಕ್ಷ್ಯ ಮಾಡುವಂತಿಲ್ಲ! ಉಪ್ಪುನೀರಿನ ಈ ಮೊಸಳೆಗಳನ್ನು ಕೊಲ್ಲುವುದನ್ನು ಕ್ವೀನ್ಸ್‌ಲೆಂಡಿನಲ್ಲಿ 1974ರಲ್ಲಿ ನಿಷೇಧಿಸಿದರು. ನದಿ, ತೊರೆ, ಅಳಿವೆ ಎಲ್ಲೆಂದರಲ್ಲಿ ಕಾಲು ತೊಳೆಯಲು ಇಳಿಯುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕು.

ದಾರಿಯುದ್ದಕ್ಕೂ ಕಾಣುವ ಕಬ್ಬಿನ ಗದ್ದೆಗಳಿಗೂ ನಮ್ಮ ಪೆಟ್ಟಿಗೆಯ ತಪಾಸಣೆಗೂ ಏನು ಸಂಬಂಧವೆಂದು ಕೇಳಬಹುದು. ಕಬ್ಬಿನ ಬೇರನ್ನು ತಿನ್ನುವ ದುಂಬಿಯ ಮರಿಗಳನ್ನು ನಾಶಮಾಡಲೆಂದು 1935ರಲ್ಲಿ ಹವಾಯಿ ದ್ವೀಪದಿಂದ ಸುಮಾರು ನೂರು ನೆಲಗಪ್ಪೆಗಳನ್ನು ತಂದು, ಕೇರ್ನ್ಸಿನ ಸಮೀಪದ ಗಾರ್ಡನ್‌ವೇಲಿನಲ್ಲಿ ಸಾಕಿ ಮರಿಮಾಡಿಸಿ ಬಿಟ್ಟರು. ಮರಿಗಳು ಮಣ್ಣಿನಡಿ, ದುಂಬಿಗಳು ಕಬ್ಬಿನ ತುದಿಯಲ್ಲಿ, ಕಪ್ಪೆ ನೆಲದ ಮೇಲೆ! ಒಂದಕ್ಕೊಂದು ಎದುರಾಗಲೇ ಇಲ್ಲ. ಕಪ್ಪೆಗಳು ಮಾತ್ರ ಬೆಳೆದು ಉತ್ತರ ಆಸ್ಟ್ರೇಲಿಯವನ್ನೆಲ್ಲ ಆವರಿಸಿದವು. ಅವುಗಳ ಮೈಯ ವಿಷವನ್ನು ಅರಿಯದ ಹಾವು, ಉಡ, ಕಾಡುಪ್ರಾಣಿಗಳು ಅವನ್ನು ತಿಂದು ಸತ್ತವು, ಇಂದಿಗೂ ಸಾಯುತ್ತಿವೆ. ಇಂಥ ಪೆಟ್ಟು ತಿಂದ ದೇಶ ಹೊರಗಿನಿಂದ ಬರುವ ಬೀಜ, ಕಾಯಿ, ಮರದ ಸಾಮಾನುಗಳನ್ನು ಶಂಕೆಯಿಂದ ನೋಡಿದರೆ ತಪ್ಪೇನು? ವಿಮಾನದಿಂದ ಇಳಿಯುವವರು ತಮ್ಮಲ್ಲಿರುವ ತಿಂಡಿತೀರ್ಥಗಳ ವಿವರವನ್ನು ಪ್ರಾಮಾಣಿಕವಾಗಿ ಬರೆದುಕೊಡಬೇಕು. ಬರೆದುಕೊಟ್ಟದ್ದನ್ನು ತೆಗೆದುಕೊಂಡರೂ ದಂಡವಿಲ್ಲ. ಬಚ್ಚಿಟ್ಟರೆ ಭಾರಿ ದಂಡ ತೆರಬೇಕಾದೀತು. ಅಜ್ಜಿ ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆಯ ಮಡಿಕೆಯಲ್ಲಿ ಅಡಗಿಸುವ ಜಾಣತನ ಬೇಡ.

ಉಳಿದ ಸಿದ್ಧತೆಗಳನ್ನು ನಾಲ್ಕು ಮಾತುಗಳಲ್ಲಿ ಮುಗಿಸಬಹುದು. ಭಾರತೀಯರಿಗೆ ಪಾಸ್‌ಪೋರ್ಟಿನ ಜೊತೆಗೆ ವೀಸಾ ಬೇಕು. ಅದನ್ನು ಹೊರಡುವುದಕ್ಕೆ ಸಾಕಷ್ಟು ಮೊದಲೇ ಪಡೆಯಬೇಕು. ಕ್ವೀನ್ಸ್‌ಲೆಂಡಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಮುಂದಿದೆ. ಚಲಾವಣೆಯಲ್ಲಿರುವುದು ಆಸ್ಟ್ರೇಲಿಯದ ಡಾಲರು, ಅದರ ನೋಟುಗಳು ಕಾಗದದವಲ್ಲ, ಪ್ಲಾಸ್ಟಿಕ್ಕಿನವು. ವಾಹನಗಳು ನಮ್ಮಲ್ಲಿಯಂತೆಯೇ ಎಡಗಡೆಯಲ್ಲಿ ಓಡುತ್ತವೆ. ದೂರ ಮಾತ್ರ ಕಡಿಮೆಯೇನಲ್ಲ. ರಾಜಧಾನಿಯಾದ ಬ್ರಿಸ್ಬೇನಿನಿಂದ ಕೇರ್ನ್ಸಿಗೆ ಸುಮಾರು 1700 ಕಿಲೋಮೀಟರ್, ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಒಂದೇ ರಾಜ್ಯವಲ್ಲವೇ, ಬಸ್ಸಿನಲ್ಲಿ ಹೋದರಾಯಿತು ಎಂದುಕೊಂಡವರು ಇದನ್ನು ಗಮನಿಸಬೇಕು.

ಹೊರಡುವ ಮುನ್ನ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಒಂದಾನೊಂದು ಕಾಲದಲ್ಲಿ ಕರಾವಳಿಯು ಈಗ ಹವಳದ ದಿಬ್ಬಗಳಿರುವಲ್ಲಿ ಇತ್ತೆಂದು ಯಿದಿಂಜಿ ಜನರ ಕಥೆಯೊಂದು ಹೇಳುತ್ತದೆ. ಒಬ್ಬನು ನಿಷಿದ್ಧವಾದ ಮೀನನ್ನು ಹಿಡಿದನಂತೆ; ಕಡಲು ಮುನಿದು ಏರತೊಡಗಿತಂತೆ; ಜನ ಬೆಟ್ಟ ಹತ್ತಿ ಬಂಡೆಗಳನ್ನು ಕಾಯಿಸಿ ಕೆಳಕ್ಕೆ ಉರುಳಿಸಿ ಅದನ್ನು ತಡೆದರಂತೆ. ಭಾಷಾವಿಜ್ಞಾನಿ ರಾಬರ್ಟ್ ಡಿಕ್ಸನ್ ಇಂಥ ಕಥೆಗಳನ್ನು ಬರೆದಿಟ್ಟರು. ಹಿಮಯುಗದಲ್ಲಿ ಕಡಲಿನ ಮಟ್ಟ ಇಂದಿಗಿಂತ ನೂರು ಮೀಟರಿಗೂ ಮಿಕ್ಕಿ ಕೆಳಗಿತ್ತೆಂದೂ, ಹಿಮ ಕರಗಿ ಅದು ಏರಿ ಸುಮಾರು ಆರೇಳು ಸಾವಿರ ವರ್ಷಗಳ ಹಿಂದೆ ಈಗಿನ ಮಟ್ಟಕ್ಕೆ ಬಂತೆಂದೂ ವಿಜ್ಞಾನ ಹೇಳುತ್ತದೆ. ಕಂಡದ್ದನ್ನು ಅಜ್ಜ ಮೊಮ್ಮಗನಿಗೆ ಹೇಳುತ್ತ ನೂರಾರು ತಲೆಮಾರುಗಳು ನೆನಪನ್ನು ದಾಟಿಸಿರಬೇಕು. ಇಂದು ನಾವು ನೋಡಹೋಗುವ ದಿಬ್ಬ, ಆ ಏರಿದ ನೀರಿನಲ್ಲಿ ಬೆಳೆದದ್ದು.

ಅದನ್ನು ಕಳೆದುಕೊಳ್ಳುವ ಸಂದರ್ಭ 1967ರಲ್ಲಿ ಬಂದಿತ್ತು. ಕೇರ್ನ್ಸಿನ ದಕ್ಷಿಣಕ್ಕಿರುವ ಎಲಿಸನ್ ದಿಬ್ಬದಿಂದ ಸುಣ್ಣವನ್ನು ಅಗೆದು ಕಬ್ಬಿನ ಗದ್ದೆಗಳಿಗೆ ಗೊಬ್ಬರವಾಗಿ ಹಾಕಲು ಒಬ್ಬ ಬೆಳೆಗಾರನು ಅನುಮತಿ ಕೇಳಿದನು. ಆ ದಿಬ್ಬ ಹೇಗೂ ಸತ್ತಿದೆ ಎಂಬುದು ವಾದ. ಜಾನ್ ಬುಸ್ಟ್ ಎಂಬ ಚಿತ್ರಕಾರ, ಜುಡಿತ್ ರೈಟ್ ಎಂಬ ಕವಯಿತ್ರಿ, ಲೆನ್ ವೆಬ್ ಎಂಬ ಅರಣ್ಯವಿಜ್ಞಾನಿ ಎದುರು ನಿಂತರು. ಮುಳುಗುಗಾರರು ನೀರಿಗಿಳಿದು, ಸತ್ತಿತೆಂದ ದಿಬ್ಬದ ಮೇಲೆ ಬದುಕಿರುವ ಹವಳ, ಚಿಪ್ಪು, ಮೀನುಗಳ ಪಟ್ಟಿಯನ್ನು ತಂದರು. 1968ರಲ್ಲಿ ಅರ್ಜಿ ತಿರಸ್ಕೃತವಾಯಿತು. ಮುಂದೆ ದಿಬ್ಬಗಳ ನಡುವೆ ಎಣ್ಣೆಬಾವಿ ಕೊರೆಯುವ ಪ್ರಯತ್ನಗಳೂ ನಡೆದವು. ಜನರು ಅದನ್ನೂ ವಿರೋಧಿಸಿದರು. 1975ರಲ್ಲಿ ಕಡಲ ಉದ್ಯಾನದ ಕಾಯಿದೆ ಬಂದಿತು, 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಡೇಂಟ್ರಿಯಲ್ಲೂ ಹಾಗೆಯೇ. 1983ರ ಡಿಸೆಂಬರಿನಲ್ಲಿ ಕಾಡು ಸೀಳಿ ರಸ್ತೆ ಮಾಡಲು ಬಂದ ಬುಲ್‌ಡೋಜರುಗಳ ಮುಂದೆ ಜನರು ಮಣ್ಣಿನಲ್ಲಿ ಹೂತುಕೊಂಡು ಕುಳಿತರು. ರಸ್ತೆ ಆಯಿತು, ಆದರೆ 1988ರಲ್ಲಿ ಆ ಮಳೆಕಾಡೂ ವಿಶ್ವಪರಂಪರೆಯಾಯಿತು. 2021ರಲ್ಲಿ ಡೇಂಟ್ರಿ ರಾಷ್ಟ್ರೀಯ ಉದ್ಯಾನದ ಒಡೆತನವನ್ನು ಸರಕಾರವು ಆ ನೆಲದ ಮೂಲನಿವಾಸಿಗಳಾದ ಕುಕು ಯಲಾಂಜಿ ಜನರಿಗೆ ಮರಳಿಸಿತು.

ಗುದ್ದಲಿಯನ್ನು ತಡೆದಂತೆ ಬಿಸಿಯನ್ನು ತಡೆಯುವುದು ಸುಲಭವಲ್ಲ. ಬೇಸಿಗೆಯ ನೀರು ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳದ ಜೀವಿಯು ತನ್ನ ಒಡಲಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಯ ಗೂಡು ಕಾಣುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬಂದು ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಉಪವಾಸದಿಂದ ಸಾಯುತ್ತದೆ. 1998, 2002, 2016, 2017, 2020, 2022, 2024 ಈ ವರ್ಷಗಳಲ್ಲಿ ದಿಬ್ಬಗಳ ಸಾಲಿನ ವಿಶಾಲಭಾಗ ಹೀಗೆ ಬಿಳಿಚಿಕೊಂಡಿತು. ಅಂತರವು ಹೇಗೆ ಕುಗ್ಗುತ್ತ ಬಂದಿದೆಯೆಂಬುದನ್ನು ಈ ಸಂಖ್ಯೆಗಳಲ್ಲೇ ಓದಬಹುದು. ನಾವು ಏರುವ ವಿಮಾನದ ಹೊಗೆಯೂ ಆ ಬಿಸಿಗೆ ತನ್ನ ಪಾಲನ್ನು ಸೇರಿಸುತ್ತದೆ. ಹಾಗಾದರೆ ಹೋಗಬಾರದೇ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ದೋಣಿಯ ಪ್ರತಿಯೊಬ್ಬ ಪ್ರವಾಸಿಗನಿಂದಲೂ ಕಡಲ ಉದ್ಯಾನದ ರಕ್ಷಣೆಗಾಗಿ ದಿನಕ್ಕಿಷ್ಟೆಂದು ಶುಲ್ಕ ವಸೂಲಾಗುತ್ತದೆ. ದಿಬ್ಬಗಳ ಆರೋಗ್ಯವನ್ನು ಕಂಡು ಪ್ರಾಧಿಕಾರಕ್ಕೆ ವರದಿ ಕಳುಹಿಸುವವರಲ್ಲಿ ದೋಣಿಗಳ ಸಿಬ್ಬಂದಿಯೂ ಇದ್ದಾರೆ. ಹವಳವನ್ನು ತಿನ್ನುವ ಮುಳ್ಳಿನ ನಕ್ಷತ್ರಮೀನುಗಳನ್ನು ಮುಳುಗುಗಾರರು ಒಂದೊಂದಾಗಿ ಹುಡುಕಿ, ಸೂಜಿಯಿಂದ ಚುಚ್ಚಿ ಕೊಲ್ಲುತ್ತಾರೆ. ಆ ಸೂಜಿಯಲ್ಲಿರುವುದು ಹಲವು ವೇಳೆ ಅದೇ ವಿನೆಗರ್. ಅಪರೂಪಕ್ಕೆ ಒಮ್ಮೆ, ಹೆಚ್ಚು ದಿನ ನಿಲ್ಲುವಂತೆ, ಕಲಿತುಕೊಂಡು ಹೋಗುವುದಾದರೆ ಹೋಗಬಹುದೆಂದು ನನಗೆ ತೋರುತ್ತದೆ. ಹವಳವೆಂದರೇನೆಂದು ಕಾಣಬೇಕೆಂಬುದಷ್ಟೇ ಆಸೆಯಾದರೆ ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ನೀರಿನಡಿಯಲ್ಲೂ ಅದಿದೆ.

ನವೆಂಬರಿನಲ್ಲಿ ಅಪಾಯ ಆರಂಭವಾಗುತ್ತದೆಂದು ಹೇಳಿದೆ. ಆದರೂ ಉಡುಪು ಧರಿಸಿ ಆ ತಿಂಗಳಿಗಾಗಿಯೇ ಕಾಯುವ ಕೆಲವರಿದ್ದಾರೆ. ವರ್ಷಕ್ಕೊಮ್ಮೆ, ಬಹುತೇಕ ನವೆಂಬರಿನ ಹುಣ್ಣಿಮೆಯ ಬಳಿಕದ ನಾಲ್ಕೈದು ರಾತ್ರಿಗಳಲ್ಲಿ, ಅಸಂಖ್ಯಾತ ಹವಳಗಳು ಒಂದೇ ಸಮಯಕ್ಕೆ ತಮ್ಮ ತತ್ತಿಗಳನ್ನು ನೀರಿಗೆ ಬಿಡುತ್ತವೆ. 1980ರ ದಶಕದ ಆರಂಭದವರೆಗೆ ವಿಜ್ಞಾನಿಗಳಿಗೂ ಇದು ತಿಳಿದಿರಲಿಲ್ಲ. ಕೆಂಪು, ಕಿತ್ತಳೆ ಬಣ್ಣದ ಸಾಸಿವೆಯಂಥ ಕಾಳುಗಳು ದಿಬ್ಬದಿಂದ ಮೇಲಕ್ಕೇರುತ್ತ, ತಲೆಕೆಳಗಾದ ಮಳೆಯಂತೆ ಕಾಣುತ್ತವೆ. ಮರುದಿನ ಕಡಲ ಮೇಲೆ ಗುಲಾಬಿ ಬಣ್ಣದ ಪಟ್ಟೆಗಳು ತೇಲುತ್ತಿರುತ್ತವೆ. ಈಚಿನ ವರ್ಷಗಳಲ್ಲಿ ಸಂಶೋಧಕರು ಆ ರಾತ್ರಿ ದೋಣಿಗಳಲ್ಲಿ ಕಾದು ಕುಳಿತು, ತತ್ತಿಗಳನ್ನು ಬಲೆಗಳಿಂದ ಮೊಗೆದು, ತೇಲುವ ಕೊಳಗಳಲ್ಲಿ ಕೆಲವು ದಿನ ಸಾಕಿ, ಮರಿಗಳನ್ನು ಸತ್ತ ದಿಬ್ಬಗಳ ಮೇಲೆ ಬಿಡುತ್ತಿದ್ದಾರೆ. ಅವುಗಳಲ್ಲಿ ಬಹಳಷ್ಟು ಮೀನುಗಳ ಪಾಲಾಗುತ್ತವೆ. ಉಳಿದವು ಅಂಟಿಕೊಳ್ಳಲು ಒಂದು ಒರಟು ಜಾಗವನ್ನು ಹುಡುಕುತ್ತವೆ.